ಮೀಟರಿಗೆ ಸಿಗದ ವಯಸ್ಸು

ನಾನು ಕಾರಿನ ಎಂಜಿನ್ನಿನೊಳಗಿನ ಟೈಮಿಂಗ್ ಬೆಲ್ಟು. ಮೈತುಂಬ ರಬ್ಬರಿನ ಹಲ್ಲು. ನನ್ನ ವಯಸ್ಸೆಷ್ಟು ಎಂದು ಮಾತ್ರ ಕೇಳಬೇಡಿ, ಅದೇ ನನ್ನ ತಲೆಬಿಸಿ.

ಎಲ್ಲೋ ಒಂದು ಕಾರ್ಖಾನೆಯ ಬಿಸಿ ಅಚ್ಚಿನಲ್ಲಿ ಹುಟ್ಟಿದೆ. ಕಾರ್ಕಳದ ವಿನ್ಸೆಂಟಣ್ಣನ ಗ್ಯಾರೇಜಿನಲ್ಲಿ ಒಂದು ಬಿಳಿ ಕಾರಿನೊಳಗೆ ಸೇರಿದೆ. ಎಂಜಿನ್ನಿನ ಕೆಳಗಿನ ಚಕ್ರ ತಿರುಗಿದ ಹಾಗೆ ಮೇಲಿನದನ್ನೂ ತಾಳ ತಪ್ಪದೆ ತಿರುಗಿಸುವುದು ನನ್ನ ಕೆಲಸ.

"ಅರುವತ್ತು ಸಾವಿರ ಕಿಲೋಮೀಟರ್, ಇಲ್ಲದಿದ್ರೆ ಐದು ವರ್ಷ. ಯಾವುದು ಮೊದಲು ಬರ್ತದೋ ಆಗ ಬದಲಿಸ್ಬೇಕು ಮೇಡಂ. ಓಡುವಾಗ ಇದು ತುಂಡಾದ್ರೆ ಎಂಜಿನ್ನೇ ಹೋಯ್ತು" ಎಂದ ವಿನ್ಸೆಂಟಣ್ಣ. ಕಾರಿನ ಒಡತಿ ಜಲಜಾಕ್ಷಿ ಟೀಚರ್ ತಲೆಯಾಡಿಸಿದರು. ಅವರ ತಲೆಯಲ್ಲಿ ಉಳಿದದ್ದು ಅರುವತ್ತು ಸಾವಿರ ಮಾತ್ರ.

ಟೀಚರ್ ಹೆಂಗಸರಿಗೆ ಡ್ರೈವಿಂಗ್ ಕಲಿಸುತ್ತಾರೆ. ಇದ್ದದ್ದು ಈ ಒಂದೇ ಕಾರು, ಇದು ನಿಂತರೆ ಅವರ ಶಾಲೆಯೂ ಬಂದ್. ಬೆಳಗ್ಗಿನಿಂದ ಸಂಜೆಯವರೆಗೆ ಮೈದಾನದಲ್ಲಿ ಎಂಟು ಹಾಕುವುದೇ ಕೆಲಸ. ಮುಂದೆ, ಹಿಂದೆ, ಒಂದನೇ ಗೇರು, ಪುನಃ ಎಂಜಿನ್ ಆಫ್. ನಾನು ಗರಗರ ತಿರುಗಿದ್ದೇ ತಿರುಗಿದ್ದು, ಕಾರು ಮಾತ್ರ ಮೈದಾನ ದಾಟಲಿಲ್ಲ. ನಾನು ಸೇರಿ ಆರು ವರ್ಷ ಕಳೆದರೂ ಮೀಟರು ಏರಿದ್ದು ಮೂವತ್ತೊಂದು ಸಾವಿರ ಮಾತ್ರ. ಹಾಗಾದರೆ ನಾನು ಪ್ರಾಯದವನೋ, ಮುದುಕನೋ? ಸುಸ್ತಾಗುತ್ತಿತ್ತು, ಆದರೆ ಮೀಟರು ನೋಡಿದರೆ ಸುಸ್ತಾಗಬಾರದಿತ್ತು.

ಒಂದು ದಿನ ಕಲಿಯಲು ಬಂದ ಟೈಲರ್ ಜಮೀಲಾ ಸ್ಟೇರಿಂಗ್ ಹಿಡಿದು ಕೇಳಿದರು, "ಟೀಚರ್, ಇದಕ್ಕೂ ಒಳಗೆ ಬೆಲ್ಟ್ ಉಂಟಲ್ವಾ? ಯಾವಾಗ ಬದಲಿಸಿದ್ದು?"

"ಇನ್ನೂ ಅರ್ಧ ಆಯುಷ್ಯ ಉಂಟು ಮಾರಾಯ್ತಿ. ಇದು ಹಾಕಿದ ಮೇಲೆ ಕಾರು ಓಡಿದ್ದೇ ಮೂವತ್ತೊಂದು ಸಾವಿರ."

"ನನ್ನ ಹೊಲಿಗೆ ಮಿಷನ್ ಅಂಗಡಿ ಬಿಟ್ಟು ಒಂದು ಹೆಜ್ಜೆ ಹೋಗ್ಲಿಲ್ಲ ಟೀಚರ್. ಅದರ ಬೆಲ್ಟ್ ಮೂರು ಸಲ ಹೋಯ್ತು."

ಟೀಚರ್ ಜಮೀಲಾರನ್ನು ಪಕ್ಕದ ಸೀಟಿಗೆ ಕಳಿಸಿದರು. ಆಮೇಲೆ ತಾವೇ ಸ್ಟೇರಿಂಗ್ ಹಿಡಿದು ನೇರ ಗ್ಯಾರೇಜಿಗೆ ಬಂದರು.

ವಿನ್ಸೆಂಟಣ್ಣ ನನ್ನನ್ನು ಬಿಚ್ಚಿ ಹಿಂದಕ್ಕೆ ಬಗ್ಗಿಸಿದ. ಮೈತುಂಬ ಬಿರುಕು. ಎರಡು ಹಲ್ಲು ಅವನ ಅಂಗೈಗೆ ಉದುರಿದವು. ಟೀಚರ್ ಅಲ್ಲೇ ಇದ್ದ ಹಳೆಯ ಟಯರಿನ ಮೇಲೆ ಕುಳಿತುಬಿಟ್ಟರು. ಅವರ ಮುಖ ನೋಡಿ ನನಗೂ ಹೆದರಿಕೆಯಾಯಿತು.

ಹೊಸ ಬೆಲ್ಟು ಕೂರಿಸಿದ ಮೇಲೆ ವಿನ್ಸೆಂಟಣ್ಣ ಮಾರ್ಕರ್ ತೆಗೆದ. "ಮುಚ್ಚಳದ ಮೇಲೆ ಮೀಟರ್ ಎಷ್ಟೂಂತ ಬರೀತೇನೆ."

"ಮೀಟರ್ ಬೇಡ, ತಾರೀಕು ಬರೀರಿ" ಎಂದರು ಟೀಚರ್. ನಂತರ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು, "ಇದು ಇನ್ನೆಷ್ಟು ದಿನ ಬರ್ತಿತ್ತು?"

"ಅದು ಬೆಲ್ಟಿಗೂ ಗೊತ್ತಿಲ್ಲ ಮೇಡಂ."

ಈಗ ಗ್ಯಾರೇಜಿನ ಮೂಲೆಯ ಮೊಳೆಯಲ್ಲಿ ತೂಗುತ್ತಿದ್ದೇನೆ. ಅವನು ಹೇಳಿದ್ದು ನಿಜ. ಸುಸ್ತಾದರೂ, ಹಲ್ಲು ಉದುರುವವರೆಗೂ ಇನ್ನೂ ಗಟ್ಟಿಯಾಗಿದ್ದೇನೆ ಎಂದೇ ನಾನು ನಂಬಿದ್ದೆ.