ಗರಗಸ ಹಿಡಿದ ಫರಹತ

ನೆಲಕ್ಕೆ ಹಾಸುವ ಪರಸಿಕಲ್ಲು ಕೊಯ್ಯುವ ನಮ್ಮ ಕಾರ್ಖಾನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಗರಗಸ ಕಲ್ಲಿಗೆ ತಗುಲಿತೆಂದರೆ ಮುಗಿಯಿತು, ಆಮೇಲೆ ಎಲ್ಲವೂ ಕೈಸನ್ನೆಯಲ್ಲೇ. ಶಹಾಬಾದಿನ ಈ ಆಫೀಸಿನಲ್ಲಿ ಗಾಜಿನ ಹಿಂದೆ ಕೂತು ಲಾರಿ ಚೀಟಿ ಬರೆಯುವ ನನಗೆ ಹನ್ನೊಂದು ವರ್ಷದಿಂದ ಪುಕ್ಕಟೆ ಮೂಕಿ ಸಿನಿಮಾ. ಅದರಲ್ಲಿ ನಾನು ಕಣ್ಣು ಕೀಳದೆ ನೋಡಿದ್ದು ಫರಹತ ಮತ್ತು ಮತೀನರ ಪ್ರೇಮವನ್ನು.

ಫರಹತ ಕಲ್ಲು ತೊಳೆದು ಜೋಡಿಸುವವಳು. ಮತೀನ ಕಟಿಂಗ್ ಮಿಷನ್ ನಡೆಸುವವನು. ಎರಡು ವರ್ಷ ಅವನು ಸನ್ನೆಯಲ್ಲೇ ಅವಳಿಗೆ ಗರಗಸದ ಕೆಲಸ ಕಲಿಸಿದ, ನಡುನಡುವೆ ಬೇರೆಯದನ್ನೂ ಹೇಳಿದ. ಅದನ್ನೆಲ್ಲ ನಾನೇಕೆ ಬರೆಯಲಿ? ಮರ್ಯಾದಸ್ಥರ ಮನೆಯವಳು ನಾನು.

ಎರಡನೇ ಮಿಷನ್ನಿನ ಆಳು ಕೆಲಸ ಬಿಟ್ಟು ತಾಂಡೂರಿಗೆ ಹೋದ ಮೇಲೆ, ಫರಹತ ಆಫೀಸಿಗೆ ಬಂದು ಸಾವಕಾರ ರಮೇಶಕುಮಾರರ ಮುಂದೆ ನಿಂತಳು.

"ಆ ಮಿಷನ್ ನನಗ ಕೊಡ್ರಿ."

"ಹೆಣ್ಮಕ್ಕಳು ಗರಗಸ ಹಿಡಿದದ್ದು ಎಲ್ಲ್ಯಾರ ನೋಡೀಯೇನು?"

"ಇಲ್ರಿ. ನೀವೂ ನೋಡಿಲ್ಲ. ಇಬ್ಬರೂ ಕೂಡೇ ನೋಡೋಣ್ರಿ."

ಸಾವಕಾರರು ನಕ್ಕರು. "ಸೋಮವಾರ ಒಂದು ದೊಡ್ಡ ಕಲ್ಲು ಕೊಯ್ದು ತೋರ್ಸು. ಕಲ್ಲು ಕೆಡಿಸಿದ್ರ ಮತ್ತ ಈ ಮಾತು ಎತ್ತಬ್ಯಾಡ."

ಸುದ್ದಿ ಮತೀನನ ಊರು ಭಂಕೂರಕ್ಕೆ ಹೋಗಲು ಎಷ್ಟು ಹೊತ್ತು? ಮತೀನನ ತಾಯಿ ಜೈತುನ್‌ಬೀ ಭಾನುವಾರ ಸಂಜೆಯೇ ಮಗನನ್ನು ಕರೆದುಕೊಂಡು ಫರಹತಳ ಮನೆಗೆ ಹೋದರು. ಅವರ ಗಂಡ ಫಕೀರಸಾಬರ ಒಂದು ಕಣ್ಣು ಹೋಗಿದ್ದು ಗರಗಸದಿಂದ ಸಿಡಿದ ಕಲ್ಲಿನ ಚೂರಿಗೆ. ಸೊಸೆಯಾಗುವವಳೂ ಅದೇ ಗರಗಸದ ಮುಂದೆ ನಿಲ್ಲುವುದು ಅವರಿಗೆ ಬೇಡವಾಗಿತ್ತು. "ಮಿಷನ್ ಬೇಕೋ, ನನ್ನ ಮಗ ಬೇಕೋ?" ಎಂದು ಕೇಳಿದರಂತೆ. "ಎರಡೂ ಬೇಕು" ಎಂದಳಂತೆ ಇವಳು. ಮತೀನ ಮಾತ್ರ ತಲೆ ತಗ್ಗಿಸಿ ತಾಯಿಯ ಹಿಂದೆ ಹೊರಟುಬಿಟ್ಟನಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು.

ಸೋಮವಾರ ಜೈತುನ್‌ಬೀ ನನ್ನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು, ಹುಡುಗಿ ಸೋಲುವುದನ್ನು ನೋಡಲು.

ಗಾಜಿನಾಚೆ ಫರಹತ ಕಲ್ಲಿನ ಮೇಲೆ ನೀರು ಸುರಿದಳು. ನಮ್ಮಲ್ಲಿ ನೀರು ಬಿದ್ದ ಕೂಡಲೇ ಗರಗಸ ಇಳಿಸುವುದು ರೂಢಿ. ಇವಳು ಕೈಕಟ್ಟಿ ನಿಂತುಬಿಟ್ಟಳು. ಒಂದು ನಿಮಿಷ, ಎರಡು ನಿಮಿಷ. ಸಾವಕಾರರು ಗಡಿಯಾರ ತೋರಿಸಿದರು. ಗಂಡಸರು ಹೊಟ್ಟೆ ಹಿಡಿದು ನಕ್ಕರು.

"ನೋಡ್ರಿ ಬಾಯಾರ, ಅಂಜಿ ನಿಂತಾಳ" ಎಂದರು ಜೈತುನ್‌ಬೀ ನನಗೆ.

"ಅಂಜಿದಾಕಿ ಹಿಂಗ ಕೈಕಟ್ಟಿ ನಿಂದರ್ತಾಳೇನ್ರಿ? ಸುಮ್ನ ನೋಡ್ರಿ" ಎಂದೆ.

ಸಾವಕಾರರು ಮತೀನನಿಗೆ ಕೈ ಬೀಸಿದರು, ನೀನೇ ಕೊಯ್ದುಬಿಡು ಎಂದು. ಅವನು ಮಿಷನ್ ಹತ್ತಿರ ಬಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಅವನು ಫರಹತಳ ಮುಖ ನೋಡಿದ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಪಕ್ಕಕ್ಕೆ ಸರಿದು ನಿಂತ. ಮಿಷನ್ ಇನ್ನೊಬ್ಬರಿಗೆ ಒಪ್ಪಿಸುವಾಗ ನಮ್ಮವರು ಮಾಡುವ ಸನ್ನೆ ಅದು. ಇದರ ಸ್ವಿಚ್ಚಿಗೆ ಇನ್ನು ನಾನು ಕೈ ಹಚ್ಚುವುದಿಲ್ಲ, ಇದು ನಿನ್ನದು ಎಂದು ಅರ್ಥ. ಸಾವಕಾರರ ಎದುರಿಗೆ, ಹೆತ್ತ ತಾಯಿಯ ಎದುರಿಗೆ ಹಾಗೆ ನಿಂತ. ಖುಷಿಗೆ ನಾನು ಮೇಜು ಗುದ್ದಿದೆ.

ಅಷ್ಟರಲ್ಲಿ ಕಲ್ಲು ಒಣಗಿತು. ನಡುವೆ ಒಂದು ಕೂದಲೆಳೆಯಷ್ಟು ಗೆರೆ ಮಾತ್ರ ಒದ್ದೆಯಾಗಿ ಉಳಿಯಿತು. ಒಳಗೆ ಬಿರುಕಿತ್ತು, ನೀರು ಅದರಲ್ಲಿ ಕೂತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ. ಒಣಗುವ ತನಕ ಕಾದಿದ್ದರೆ ತಾನೆ ನಮ್ಮವರಿಗೆ ಅದು ಕಾಣುವುದು! ಫರಹತ ಗೆರೆಯ ಮೇಲೆ ಸುತ್ತಿಗೆಯಿಂದ ಒಂದೇಟು ಕೊಟ್ಟಳು. ಕಲ್ಲು ಸಜ್ಜೆರೊಟ್ಟಿಯಂತೆ ಎರಡಾಯಿತು. ಗರಗಸ ಅಲ್ಲಿ ತಗುಲಿದ್ದರೆ ಚೂರು ಯಾರ ಮುಖಕ್ಕೆ ಸಿಡಿಯುತ್ತಿತ್ತೋ.

ಗಟ್ಟಿಯಿದ್ದ ಭಾಗವನ್ನು ಮಿಷನ್ನಿಗೆ ಏರಿಸಿ ನಾಲ್ಕೂ ಕಡೆ ಕೊಯ್ದಳು. ಸಾವಕಾರರು ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದರು. ಎಲ್ಲೂ ಒಂದು ಚಕ್ಕೆ ಎದ್ದಿರಲಿಲ್ಲ. ಅವರು ಮಿಷನ್ ತೋರಿಸಿ, ಆಮೇಲೆ ಅವಳನ್ನು ತೋರಿಸಿದರು. ನಕ್ಕಿದ್ದ ಗಂಡಸರೇ ಎರಡೂ ಕೈ ಎತ್ತಿ ಕುಣಿದರು.

ನನ್ನ ಪಕ್ಕದಲ್ಲಿ ಜೈತುನ್‌ಬೀ ಅಳುತ್ತಿದ್ದರು. "ಅವತ್ತು ನಮ್ಮನಿಯವರ ಬಾಜೂಕ ಇಂಥಾಕಿ ಒಬ್ಬಾಕಿ ಇರಬೇಕಿತ್ತು ಬಾಯಾರ" ಎಂದರು. ಊಟದ ಹೊತ್ತಿಗೆ ಮಿಷನ್‌ಗಳು ನಿಂತ ಕೂಡಲೇ ಹೊರಗೆ ನಡೆದು, ಫರಹತಳ ಮುಖದ ಕಲ್ಲುಹಿಟ್ಟನ್ನು ತಮ್ಮ ಸೆರಗಿನಿಂದ ಒರೆಸಿದರು.

"ನಿಕಾಹ್ ಯಾವಾಗ ಇಡೋಣ, ಬೇಟಿ?"

"ಶುಕ್ರವಾರ ಇಡ್ರಿ ಖಾಲಾ" ಎಂದಳು ಫರಹತ. "ಅವತ್ತು ನನ್ನ ಮಿಷನ್‌ಗೆ ಸೂಟಿ."