ಕೈ ತಗುಲಿದ ತಗಡು

ಶೀತಪೆಟ್ಟಿಗೆಯೊಳಗೆ ಟಿಕ್ ಎಂದಿತು. ಮೈನಸ್ ಹತ್ತು ಡಿಗ್ರಿ ತಲುಪಿ ಮೋಟಾರು ನಿಂತ ಸದ್ದು. ರಾತ್ರಿ ಹನ್ನೊಂದೂಕಾಲು. ನಾನು ಟಾರ್ಚ್ ಹಿಡಿದು ಎದ್ದೆ.

1999ರ ಮಾತು. ಕೆ.ಆರ್. ಪುರದ ಹತ್ತಿರ, ಹಳೇ ಮದರಾಸು ರಸ್ತೆಯ ಶೆಡ್ಡೊಂದರಲ್ಲಿ ನಮ್ಮ ಪುಟ್ಟ ಪ್ರಯೋಗಶಾಲೆ. ಐಸ್‌ಕ್ರೀಂ ವ್ಯಾನುಗಳ ಕೂಲಿಂಗ್ ಪೈಪುಗಳಿಗೆ ಹಿಮ ಕಟ್ಟದಂತೆ ಬಳಿಯುವ ಲೇಪನವೊಂದನ್ನು ತಯಾರಿಸಿದ್ದೆವು. ಬಳಿದ ಅಲ್ಯೂಮಿನಿಯಂ ತಗಡಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಉರುಳಿಹೋಗುತ್ತಿತ್ತು. ನೀರೇ ನಿಲ್ಲದ ಮೇಲೆ ಹಿಮ ಹಿಡಿಯುವುದೆಲ್ಲಿ? ಆದರೆ ಬೆರಳಿನ ಜಿಡ್ಡು ಅಂಟಿದಲ್ಲಿ ಹಿಮ ಹಿಡಿದು ಇಡೀ ತಗಡಿಗೆ ಹಬ್ಬುತ್ತಿತ್ತು; ಅದಕ್ಕೇ ಬರಿಗೈ ಮಾತ್ರ ತಗುಲಬಾರದು. ಆ ಸೂಚನೆಯನ್ನು ಬರೆದು ಗೋಡೆಗೆ ಅಂಟಿಸಿದವಳು ನಾನೇ.

ಹಿಂದಿನ ದಿನ ಮೊದಲ ತಗಡು ಸೋತಿತ್ತು. ರಾತ್ರಿಯಿಡೀ ಒಳಗಿಟ್ಟು ಬೆಳಿಗ್ಗೆ ತೆಗೆದರೆ ಮೈತುಂಬ ದಪ್ಪಗೆ ಹಿಮ. ಮಾಲೀಕರಾದ ಶ್ರೀನಿವಾಸ್ ಅದನ್ನು ತಿರುಗಿಸಿ ನೋಡಿದರು.

"ಏನ್ರೀ ವಿಮಲಾಕ್ಷಿ ಇದು? ಬುಧವಾರ ಪಾರ್ಟಿ ಬರ್ತಾರೆ. ಅವ್ರಿಗೆ ಇದನ್ನ ತೋರಿಸ್ಲಾ?"

"ಕೈ ತಗುಲಿರ್ಬೇಕು ಸರ್."

"ಯಾರ್ ಕೈ?"

"ನೋಡಿಲ್ಲ ಸರ್. ಹಬ್ಬ ಆದ್ಮೇಲೆ ರೂಮ್ ಗುಡಿಸಿದ್ದು ಸಾಬಿರಾ."

ಎರಡರಲ್ಲಿ ಒಂದು ವಾಕ್ಯವೂ ಸುಳ್ಳೆನಿಸದಂತೆ ಅಳೆದು ಆಡಿದ್ದೆ. ದಿನವೂ ಅಕ್ಕ ಎನ್ನುವಂತೆ ಆಪಾ ಎಂದು ಕರೆಯುವ ನನ್ನ ಬಾಯಿ ಅಲ್ಲಿ ಮಾತ್ರ ಬರೀ ಹೆಸರು ಹೇಳಿತು. ಶ್ರೀನಿವಾಸ್ ಬಾಗಿಲಾಚೆಗೆ ಕೂಗಿದರು: "ಈ ತಿಂಗ್ಳು ಮುಗ್ಸಿ, ಆಮೇಲೆ ಬರೋದ್ ಬೇಡಮ್ಮ!"

ಸಾಬಿರಾ, ಶಿವಾಜಿನಗರದಿಂದ ಎರಡು ಬಸ್ಸು ಹಿಡಿದು ಕಸ ಗುಡಿಸಲು ಬರುವ ಐವತ್ತರ ಹೆಂಗಸು. ಗಂಡನಿಲ್ಲ, ಇದೊಂದೇ ಕೆಲಸ. ಎರಡನೇ ತಗಡಿನ ಪರೀಕ್ಷೆಗೆ ರಾತ್ರಿ ನಾನೊಬ್ಬಳೇ ಇರಬಾರದೆಂದು ಅವರನ್ನೇ ಜೊತೆಗೆ ಬಿಟ್ಟಿದ್ದರು. ಚಾಪೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

"ಏನ್ ಮೇಡಂ, ನಿಮ್ ಕೂಸು ಎದ್ಬಿಡ್ತಾ?"

ನಗಲಾಗದೆ ಪೆಟ್ಟಿಗೆಯ ಬಾಗಿಲು ತೆರೆದೆ. ತಗಡು ಒಣಗಿತ್ತು. ನಡುವೆ ಮಾತ್ರ ಹಿಮ ಆಗಷ್ಟೇ ಹಿಡಿಯುತ್ತಿತ್ತು. ಅಡ್ಡಡ್ಡಕ್ಕೆ ಮೂರು ಗೆರೆ, ಒಂದೊಂದೂ ಬೆರಳಗಲ.

ನನ್ನ ಬಲಗೈಯ ಮೂರು ಬೆರಳು ತಾವಾಗಿಯೇ ಮಡಚಿಕೊಂಡವು.

ಆಯುಧಪೂಜೆಯ ಸಂಜೆ ಎಲ್ಲರೂ ಯಂತ್ರಗಳಿಗೆ ಅರಿಶಿನ ಕುಂಕುಮ ಇಡುತ್ತಿದ್ದರು. ದಾವಣಗೆರೆಯ ಅಂಗಡಿಯಲ್ಲಿ ಅಪ್ಪ ತಕ್ಕಡಿಗೆ ವಿಭೂತಿ ಎಳೆಯುತ್ತಿದ್ದ ಹಾಗೆ ನಾನು ಶೀತಪೆಟ್ಟಿಗೆಗೆ ಎಳೆದೆ. ಅದೇ ಭರದಲ್ಲಿ ಕೈ ಪಕ್ಕದ ಎರಡು ತಗಡುಗಳ ಮೇಲೂ ಹೋಯಿತು. ಬೆಚ್ಚಿ, ಮೆತ್ತನೆಯ ಬಟ್ಟೆಯಿಂದ ಒರೆಸಿದ್ದೆ. ಕಣ್ಣಿಗೇನೂ ಕಾಣಲಿಲ್ಲ. ಒರೆಸಿದ ಮೇಲೆ ಮುಟ್ಟಿಯೇ ಇಲ್ಲ ಎಂದು ನಂಬಿಕೊಂಡೆ. ನಂಬಿದ್ದು ನಿಜವೇ ಆಗಿದ್ದರೆ, ಶ್ರೀನಿವಾಸ್ ಎದುರು ಅಷ್ಟು ಅಳೆದು ಮಾತಾಡುವ ಅಗತ್ಯವೇನಿತ್ತು?

ಸಾಬಿರಾ ಹಿಂದೆ ಬಂದು ಇಣುಕಿದರು.

"ಅರೆ! ತಗಡೂ ವಿಭೂತಿ ಹಚ್ಕೊಂಡ್ ಕೂತಿದೆಯಲ್ಲ ಮೇಡಂ!"

ನಗುತ್ತಲೇ ನನ್ನ ಕಡೆ ತಿರುಗಿದರು. ಕಣ್ಣು ನನ್ನ ಹಣೆಯ ವಿಭೂತಿಯ ಮೂರು ಗೆರೆಗಳ ಮೇಲೆ ನಿಂತಿತು. ನಗು ನಿಂತಿತು.

"ಆಪಾ..."

"ಈಗ ಆಪಾನಾ? ನಿನ್ನೆ ಬಾಗ್ಲತ್ರಾನೇ ಇದ್ದೆ ನಾನು. ಕೇಳಿಸ್ತು."

"ಬೆಳಿಗ್ಗೆ ಸರ್‌ಗೆ ಹೇಳ್ತೀನಿ."

"ಹೇಳೋದಾದ್ರೆ ನೀವೇ ಹೇಳ್ಬೇಕು. ನಾನ್ ಹೇಳಿದ್ರೆ ಯಾರ್ ನಂಬ್ತಾರೆ? ಮೊದ್ಲು ಬಾಗ್ಲು ಹಾಕಿ, ಕರಗೋಗತ್ತೆ."

ಹಾಕಲಿಲ್ಲ. ಪರೀಕ್ಷೆಯ ಫೋಟೋ ತೆಗೆಯುವ ಕ್ಯಾಮೆರಾ ಮೇಜಿನ ಮೇಲೇ ಇತ್ತು, ಅದನ್ನೂ ಎತ್ತಲಿಲ್ಲ. ಬಾಗಿಲ ಹಿಡಿ ಹಿಡಿದು ನಿಂತೇ ಇದ್ದೆ. ಶೆಡ್ಡಿನ ಬೆಚ್ಚನೆಯ ಗಾಳಿ ಒಳಗೆ ಹೋಯಿತು. ಗೆರೆಗಳು ಮಂಕಾದವು, ಹನಿಯಾದವು, ಒಂದಕ್ಕೊಂದು ಕೂಡಿ ಕೆಳಗಿಳಿದವು. ನಾನು ಏನು ಮಾಡುತ್ತಿದ್ದೇನೆಂದು ಆಪಾ ಪೂರ್ತಿ ನೋಡಿದರು. ಚಾಪೆಗೆ ಹೋಗಿ, ಸೆರಗು ಹೊದ್ದು, ಗೋಡೆಯ ಕಡೆ ತಿರುಗಿ ಮಲಗಿದರು.

ಪರೀಕ್ಷೆಗಳ ದಾಖಲೆ ಪುಸ್ತಕ ತೆರೆದು ಬರೆದೆ: "ಎರಡನೇ ತಗಡು. ಕೈ ತಗುಲಿದೆ."

ಯಾರ ಕೈ ಎಂದು ಬರೆಯದಿದ್ದರೂ ವ್ಯಾಕರಣಕ್ಕೆ ಕೊರತೆಯಿಲ್ಲ. ಓದಿದವರು ಯಾರ ಕೈ ಎಂದುಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು.

ಕರವಸ್ತ್ರ ಒದ್ದೆ ಮಾಡಿ ಹಣೆ ಒರೆಸಿಕೊಂಡೆ. ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಗೋಡೆಯ ಕಡೆ ತಿರುಗಿದ್ದ ಆಪಾಗೆ ನಿದ್ದೆ ಬಂದಿರಲಿಲ್ಲ.