ಮಂಗಳವ್ವನ ನಾಲ್ಕನೇ ಇಯತ್ತೆ

"ಏಳ್ರಲೇ ಬೋಸುಡ್ಯಾರ, ಲಗೂನ ಕೈ ತೊಳಕೋರಿ. ಸಾಹೇಬ ಬರೂ ಹೊತ್ತಾತು. ಮೂಗು ಒರಸ್ಕೋರಿ, ಕಣ್ಣು ಮಾತ್ರ ಮುಟ್ಟಬ್ಯಾಡ್ರಿ. ಹ್ವಾದ ವರ್ಷ ಒಬ್ಬಾಕಿ ಕಣ್ಣು ತಿಕ್ಕೊಂಡು ದಳದಳ ನೀರು ಸುರಿಸಿ ನನ್ನ ಮಾನ ಕಳದ್ಲು."

ಪ್ರಭುಲಿಂಗಪ್ಪ ಸಾವಕಾರ ಮೆಣಸಿನಕಾಯಿ ರಾಶಿಯ ಅಂಚಿನಗುಂಟ ಚಪ್ಪಲಿಯಿಂದ ಒಬ್ಬೊಬ್ಬಳ ಬೆನ್ನು ತಿವಿಯುತ್ತಾ ಬಂದ. ಬೆಳಗಿನಿಂದ ಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುತ್ತಾ ಕೂತಿದ್ದ ಹುಡುಗಿಯರು ಸೊಂಟ ಹಿಡಿದುಕೊಂಡು ಎದ್ದರು. ಕಣದ ಮೂಲೆಯಲ್ಲಿ ಒಂದು ಟ್ರಂಕು ತೆರೆದಿತ್ತು. ಅದರೊಳಗೆ ನೀಲಿ ಲಂಗ, ಬಿಳಿ ಜಂಪರು. ವರ್ಷಕ್ಕೊಮ್ಮೆ ಶಾಲೆಯ ತಪಾಸಣೆಗೆ ಸಾಹೇಬರು ಬಂದ ದಿನ ಅವು ಹುಡುಗಿಯರ ಮೈಮೇಲೆ ಏರುತ್ತಿದ್ದವು. ಸಾಹೇಬರ ಜೀಪು ತಿರುಗಿದ ಕೂಡಲೇ ಮತ್ತೆ ಟ್ರಂಕು ಸೇರುತ್ತಿದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತಾರಲ್ಲ, ಇಲ್ಲಿ ಆ ಹೂವೂ ಬಾಡಿಗೆಯದು.

ಗುತ್ತೆವ್ವ ತನ್ನ ಮಗಳ ಜಂಪರಿನ ಗುಂಡಿ ಹಾಕಿದಳು. ಮೂರನೇ ಗುಂಡಿ ಕೂಡಲಿಲ್ಲ. ಮಂಗಳವ್ವ ಬೆಳೆದಿದ್ದಳು, ಜಂಪರು ಬೆಳೆದಿರಲಿಲ್ಲ.

"ನೀವೂ ನಡೀರಿ," ಅಂದ ಸಾವಕಾರ ತಾಯಂದಿರಿಗೆ. "ಪಾಲಕರು ಇರಬೇಕಂತ. ಹಿಂದ ಗ್ವಾಡಿಗೆ ಹತ್ತಿ ಕುಂದರ್ರಿ. ಬಾಯಿ ಬಿಟ್ರಂದ್ರ ನಾಳಿಂದ ಕಣಕ್ಕ ಬರಬ್ಯಾಡ್ರಿ."

ಈ ಪ್ರಭುಲಿಂಗಪ್ಪ ಕಣದ ಮಾಲಕನೂ ಹೌದು, ಊರ ಶಾಲೆಯ ಸುಧಾರಣಾ ಸಮಿತಿಯ ಅಧ್ಯಕ್ಷನೂ ಹೌದು. ಊರಲ್ಲಿ ಒಂದು ಮಗುವೂ ಶಾಲೆಯ ಹೊರಗೆ ಇರಬಾರದು ಅಂತ ಸರಕಾರದ ಗುರಿ. ಒಂದು ಕಾಯಿಯೂ ತುಂಬಿನ ಸಮೇತ ಬ್ಯಾಡಗಿ ಪೇಟೆಗೆ ಹೋಗಬಾರದು ಅಂತ ಸಾವಕಾರನ ಗುರಿ. ಎರಡೂ ಗುರಿ ಮುಟ್ಟಬೇಕಲ್ಲ? ಹುಡುಗಿಯರ ಹೆಸರು ಶಾಲೆಗೆ, ಕೈ ಕಣಕ್ಕೆ. ಇಷ್ಟು ಸುಲಭದ ಲೆಕ್ಕ ಸಾಹೇಬರಿಗೆ ತಿಳಿದಿರಲಿಲ್ಲ ಅಂದರೆ ಅದು ಸಾಹೇಬರಿಗೇ ಅವಮಾನ.

ಮಂಗಳವ್ವನಿಗೆ ಆರು ತುಂಬಿದಾಗ ಪರಮೇಶಪ್ಪ ಮಾಸ್ತರರು ಕೇರಿಗೇ ಬಂದು ಹೆಸರು ಬರೆದುಕೊಂಡು ಹೋಗಿದ್ದರು. ಅಂದು ಗುತ್ತೆವ್ವ ಹಿಗ್ಗಿ ಹೀರೇಕಾಯಿ ಆಗಿದ್ದಳು. ಮಗಳು ಕಣದಲ್ಲೇ ಇದ್ದಳು, ಹಾಜರಿ ಪುಸ್ತಕದಲ್ಲಿ ಮಾತ್ರ ವರ್ಷಕ್ಕೊಂದು ತರಗತಿಯಂತೆ ಇಯತ್ತೆ ಏರುತ್ತಾ ಹೋದಳು. ಗುತ್ತೆವ್ವ ಅದನ್ನು ತಪ್ಪು ಅಂದುಕೊಂಡಿರಲಿಲ್ಲ. ಹೆಸರು ಶಾಲೆಯಲ್ಲಿ ಇದ್ದರೆ ವಿದ್ಯೆಯೂ ಹೇಗೋ ಒಂದಿಷ್ಟು ಹತ್ತುತ್ತದೆ, ಗುಡಿಯಲ್ಲಿ ಹೆಸರು ಹೇಳಿ ಅರ್ಚನೆ ಮಾಡಿಸಿದರೆ ಮನೆಯಲ್ಲಿದ್ದವರಿಗೂ ಪುಣ್ಯ ಬರುವುದಿಲ್ಲವೇ ಅಂತ ಆಕೆಯ ಎಣಿಕೆ. ಗುಡಿಯ ಒಳಗೆ ಆಕೆ ಹೋದವಳಲ್ಲ, ಹೊರಗೆ ನಿಂತು ಕೇಳಿದವಳು.

ಎಣಿಕೆ ಮುರಿದದ್ದು ಬಸ್ಸಿನಲ್ಲಿ. ಈ ಸುಗ್ಗಿಯಲ್ಲಿ ಖಾರದ ಧೂಳಿಗೆ ತನ್ನ ಕಣ್ಣು ಊದಿಕೊಂಡು ತೆರೆಯಲಾಗದಂತಾದಾಗ ಗುತ್ತೆವ್ವ ಮಗಳನ್ನು ಕರೆದುಕೊಂಡು ರಾಣೆಬೆನ್ನೂರಿನ ದವಾಖಾನೆಗೆ ಹೊರಟಳು. ಬ್ಯಾಡಗಿ ಸ್ಟ್ಯಾಂಡಿನಲ್ಲಿ ಮಗಳು ತೋರಿಸಿದ ಬಸ್ಸು ಹತ್ತಿದಳು. ಅದು ಹಾವೇರಿ ಬಸ್ಸು. ಕಂಡಕ್ಟರ್ ಮೋಟೆಬೆನ್ನೂರಲ್ಲಿ ಇಳಿಸುತ್ತಾ, "ಬೋರ್ಡ ಓದಾಕ ಬರಂಗಿಲ್ಲೇನಬೇ ಹುಡುಗಿಗೆ? ಎಷ್ಟನೇ ಇಯತ್ತಾ?" ಅಂದ.

"ನಾಕನೇತ್ತಾ ರಿ," ಅಂದಳು ಗುತ್ತೆವ್ವ, ಹೆಮ್ಮೆಯಿಂದಲೇ.

ಬಸ್ಸಿಗೆ ಬಸ್ಸೇ ನಕ್ಕಿತು. ಮಂಗಳವ್ವ ಅವ್ವನ ಸೆರಗಿನ ಮರೆಗೆ ಮುಖ ಹಾಕಿದಳು. ಆ ನಗು ಗುತ್ತೆವ್ವನ ಎದೆಯಲ್ಲಿ ಕೂತುಬಿಟ್ಟಿತು. ಕಣ್ಣು ವಾಸಿಯಾದರೂ ಅದು ವಾಸಿಯಾಗಲಿಲ್ಲ.

ಮಾರನೇ ವಾರವೇ ಶಾಲೆಯ ಬಾಗಿಲಿಗೆ ಹೋಗಿ ನಿಂತಳು. "ಮಾಸ್ತರ್ರ, ಜೂನದಾಗ ನನ್ನ ಮಗಳನ್ನ ಒಂದನೇತ್ತಾಕ್ಕ ಕುಂದರಿಸ್ಕೋರಿ. ಕಣಾ ಬಿಡಸ್ತೇನಿ. ನಾನೊಬ್ಬಾಕಿನ ದುಡದು ಹಾಕತೇನಿ."

ಪರಮೇಶಪ್ಪ ಮಾಸ್ತರರು ಸೀಮೆಸುಣ್ಣದ ಕೈ ಝಾಡಿಸಿಕೊಂಡು ಹೊರಗೆ ಬಂದರು. ಕೆಟ್ಟ ಮನುಷ್ಯರಲ್ಲ, ಬರೀ ಪುಕ್ಕಲರು.

"ಹುಚ್ಚಿ, ನಿನ್ನ ಮಗಳು ನಾಕು ಮುಗಿಸ್ಯಾಳ. ನಾಕು ಪಾಸಾದಾಕಿನ್ನ ಒಂದಕ್ಕ ಹೆಂಗ ಕುಂದರಸ್ಲಿ?"

"ಅಕಿಗೆ ಅ ಆ ಬರಂಗಿಲ್ಲರಿ."

"ನನಗ ಗೊತ್ತಿಲ್ಲೇನು? ಗೊತ್ತಿದ್ದೂ ಬಾಯಿ ಮುಚಗೊಂಡೇನಿ. ಮ್ಯಾಲಿನವರು ನೂರಕ್ಕ ನೂರು ಅಂತ ಬರಕೊಂಡು ಹೋಗ್ಯಾರ. ಈಗ ನಾ ಅಕಿನ್ನ ಒಂದಕ್ಕ ಹಾಕಿದೆ ಅಂದ್ರ, ನಾಕು ವರ್ಷ ಏನು ಮಣ್ಣು ತಿಂತಿದ್ದಿ ಅಂತಾರ. ನನ್ನ ನೌಕರಿ ಹೋಗತೈತಿ."

"ಮತ್ತ ನನ್ನ ಮಗಳು ಎಲ್ಲಿಗೆ ಹೋಗಬೇಕ್ರಿ?"

"ಇಲ್ಲಿ ನಾಕರ ತನಕ ಅಷ್ಟ. ಐದನೇತ್ತಾಕ್ಕ ಕಾಗಿನೆಲಿಗೆ ಕಳಸು."

"ಐದರಾಗ ಕುಂತು ಏನು ಓದಬೇಕ್ರಿ ಅಕಿ?"

"ಹಂಗಾರ ಕಣಕ್ಕ ಕಳಸು," ಅಂದು ಮಾಸ್ತರರು ಒಳಗೆ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಅಂದಿದ್ದು, ವರ ಕೊಟ್ಟಾಗಿದೆ, ಇನ್ನು ಬರಬೇಡ ಅಂತ.

ಇವತ್ತು ಅದೇ ಶಾಲೆಯಲ್ಲಿ ಮುಂದಿನ ವರ್ಷದ ಯೋಜನೆಯ ಸಭೆ. ಬಾಗಿಲಿಗೆ ಮಾವಿನ ತೋರಣ, ಮೇಜಿನ ಮೇಲೆ ಸಾವಕಾರನ ಮನೆಯ ಹೂವಿನ ಬಟ್ಟೆ. ಸಾಹೇಬರು ಎಳನೀರು ಕುಡಿದು ಬಾಯೊರೆಸಿಕೊಂಡು ಓದಲು ನಿಂತರು. ಜೂನ್ ಮೊದಲ ವಾರ ದಾಖಲಾತಿ ಸಪ್ತಾಹ. ಜುಲೈಯಲ್ಲಿ ಪಾಲಕರ ಸಮಾವೇಶ. ಡಿಸೆಂಬರದೊಳಗೆ ಇಡೀ ತಾಲೂಕು ಈ ಊರಿನಂತೆ ಆಗಬೇಕು. "ಮೆಣಸಿನಕಾಯಿ ಸುಗ್ಗಿಯಲ್ಲೂ ಒಬ್ಬ ಹುಡುಗಿಯೂ ಶಾಲೆ ಬಿಟ್ಟಿಲ್ಲ ಅಂದರೆ ಇದು ಪ್ರಭುಲಿಂಗಪ್ಪನವರ ಪುಣ್ಯ," ಅಂದರು. ಸಾವಕಾರ ಎದ್ದು ಕೈ ಮುಗಿದ. ಚಪ್ಪಾಳೆ ತಟ್ಟಿದ ಹುಡುಗಿಯರ ಬೆರಳುಗಳು ಉರಿದವು.

ಗುತ್ತೆವ್ವ ಹಿಂದಿನ ಗೋಡೆಗೆ ಒರಗಿ ಕೇಳುತ್ತಿದ್ದಳು. ಸಾಹೇಬರ ಬಾಯಿಂದ ಇಡೀ ವರ್ಷ ಬಂತು. ಅದರ ಒಂದು ತಿಂಗಳಲ್ಲೂ ತನ್ನ ಮಗಳಿಗೆ ಕೂರಲು ಜಾಗವಿರಲಿಲ್ಲ.

ಆಗ ಸಾಹೇಬರು ಯಾರೂ ಎಣಿಸದ ಮಾತೊಂದನ್ನು ಆಡಿದರು. "ನಾಲ್ಕನೇ ತರಗತಿ ಪಾಸಾದ ಹೆಣ್ಣುಮಕ್ಕಳು ಬಂದು ಈ ಹಾಳೆಯ ಮೇಲೆ ಸಹಿ ಮಾಡಲಿ. ಯೋಜನೆಗೆ ಹಚ್ಚಿ ಧಾರವಾಡಕ್ಕೆ ಕಳಿಸೋಣ."

ಮಾಸ್ತರರ ಮುಖ ಸುಣ್ಣವಾಯಿತು. ಮೊದಲು ಕರೆಸಿಕೊಂಡವಳು ಮಂಗಳವ್ವ. ಹುಡುಗಿ ಮೇಜಿನ ಹತ್ತಿರ ಹೋದಳು, ಪೆನ್ನು ನೋಡಿದಳು, ಅದರ ಪಕ್ಕ ಪಾಲಕರ ಹೆಬ್ಬೆಟ್ಟಿಗೆ ಇಟ್ಟಿದ್ದ ಶಾಯಿಯ ಡಬ್ಬಿ ನೋಡಿದಳು. ಅವ್ವ ಎಲ್ಲ ಕಡೆ ಮಾಡುವುದನ್ನು ಕಂಡವಳು ತಾನೇ? ಹೆಬ್ಬೆರಳು ಅದ್ದಿ ಹಾಳೆಗೆ ಒತ್ತಿದಳು.

ಸಾಹೇಬರು ಹೆಬ್ಬೆಟ್ಟು ನೋಡಿದರು, ಮಾಸ್ತರರನ್ನು ನೋಡಿದರು. ಸಾವಕಾರ ನಕ್ಕ. "ಅಂಜ್ಯಾಳ್ರಿ ಹುಡುಗಿ. ಕೇರಿ ಪೈಕಿ ನೋಡ್ರಿ, ದೊಡ್ಡವರ ಮುಂದ ಕೈಕಾಲು ಆಡಂಗಿಲ್ಲ."

ಸಾಹೇಬರಿಗೆ ಎಲ್ಲಾ ತಿಳಿಯಿತು. ತಿಳಿದದ್ದು ಅವರ ಕಣ್ಣಲ್ಲಿ ಬಂದು ಹೋದದ್ದನ್ನು ಗುತ್ತೆವ್ವ ಕಂಡಳು. ಇನ್ನೇನು ಕೇಳುತ್ತಾರೆ ಅಂದುಕೊಂಡಳು.

"ಬೇರೆ ಹಾಳೆ ತಗೊಳ್ಳಿ ಮಾಸ್ತರೇ," ಅಂದರು ಸಾಹೇಬರು. "ಕೈ ಹಿಡಿದಾದರೂ ಬರೆಸಿ. ಊಟದ ಹೊತ್ತಿಗೆ ನಾನು ಹಾವೇರಿಯಲ್ಲಿ ಇರಬೇಕು."

ಮಾಸ್ತರರು ಕರವಸ್ತ್ರ ತೆಗೆದು ತಮ್ಮ ಕೈಗೆ ಸುತ್ತಿಕೊಂಡರು. "ಖಾರ ಹತ್ತತೈತಿ," ಅಂದರು ಯಾರೂ ಕೇಳದಿದ್ದರೂ. ಆಮೇಲೆ ಆ ಬಟ್ಟೆಯ ಕೈಯಿಂದ ಮಂಗಳವ್ವನ ಮುಷ್ಟಿ ಹಿಡಿದು ಪೆನ್ನು ಎಳೆಯತೊಡಗಿದರು. ಪೆನ್ನು ದುಂಡಗೆ ತಿರುಗಿತು, ಏರಿತು, ಇಳಿಯಿತು. ಹುಡುಗಿಯ ಬಾಯಿ ಅರಳಿತು.

"ಇದು ಏನ್ರಿ ಸರ?"

ಮಾಸ್ತರರು ಪೆನ್ನು ಎತ್ತಿ ಮುಂದಿನ ಅಕ್ಷರಕ್ಕೆ ಇಟ್ಟರು.

"ಇದಕ್ಕ ಏನಂತಾರ್ರಿ ಸರ?"

"ಮ," ಅಂದರು ಅವರು ಗಂಟಲೊಳಗೇ.

ಮಂಗಳವ್ವ ಗಕ್ಕನೆ ಹಿಂದೆ ತಿರುಗಿದಳು. "ಯವ್ವಾ, ಇದು ಮ ಅಂತ ನೋಡು."

ಗುತ್ತೆವ್ವನಿಗೆ ತಾನು ಎದ್ದದ್ದು ತಿಳಿಯಲಿಲ್ಲ. ಕೂತವರ ನಡುವೆ ದಾರಿ ಮಾಡಿಕೊಂಡು ಮೇಜಿನವರೆಗೆ ಬಂದಳು.

"ಮಾಸ್ತರ್ರ, ಕೈ ಬಿಡಬ್ಯಾಡ್ರಿ. ಒಂದಕ್ಷರಾ ಆತು. ಮುಂದಿಂದು ಹೇಳಿ ಕೊಡ್ರಿ."

"ಏಯ್ ರಂಡೆ, ಹೊರಗ ನಡಿ," ಸಾವಕಾರ ಮುಂದೆ ಬಂದ. "ನನ್ನ ಜಾಗಾದಾಗ ಗುಡಸಲಾ ಹಾಕ್ಕೊಂಡು ನನಗ ಅಡ್ಡ ನಿಲ್ತಿ? ಸಂಜಿ ಅನ್ನೂದರಾಗ ಕಿತ್ತಿ ಒಗಸ್ತೇನಿ."

"ಒಗಸ್ರಿ. ಇಲ್ಲೇ ಬಿದ್ದಿರತೇವಿ."

ಗುತ್ತೆವ್ವ ಮೇಜಿನ ಮುಂದೆ ನೆಲಕ್ಕೆ ಕೂತಳು. ಮಗಳ ಲಂಗ ಹಿಡಿದು ಎಳೆದು ಪಕ್ಕಕ್ಕೆ ಕೂರಿಸಿದಳು. ಹಾಳೆ, ಪೆನ್ನು ಎರಡೂ ಹುಡುಗಿಯ ಕೈಯಲ್ಲೇ ಬಂದವು.

"ಆ ಹಾಳೆ ಕೊಡಮ್ಮಾ," ಅಂದರು ಸಾಹೇಬರು.

"ಮದಲ ಅಕಿನ್ನ ಒಂದನೇತ್ತಾಕ್ಕ ಹಾಕ್ಕೊಂತೇವಿ ಅನ್ರಿ. ಆಮ್ಯಾಲ ಕೊಡತೇನಿ."

ಹೊರಗೆ ಕಣದ ಟ್ರ್ಯಾಕ್ಟರ್ ಬಂದು ನಿಂತು ಹಾರ್ನ್ ಹೊಡೆಯಿತು. ಉಳಿದ ಹುಡುಗಿಯರು ರೂಢಿಯಂತೆ ಎದ್ದರು, ಯಾರೂ ಹೇಳದಿದ್ದರೂ ಜಂಪರಿನ ಗುಂಡಿ ಬಿಚ್ಚುತ್ತಾ ಬಾಗಿಲಿನ ಕಡೆ ನಡೆದರು. ಅವರ ತಾಯಂದಿರು ಗುತ್ತೆವ್ವನತ್ತ ನೋಡದೆ ಹಿಂದೆ ಹೋದರು. ಹಾರ್ನ್ ಮತ್ತೆ ಕೂಗಿತು.

ಮಂಗಳವ್ವನಿಗೆ ಅದು ಯಾವುದೂ ಕೇಳಿಸಲಿಲ್ಲ. ನೆಲದ ಮೇಲೆ ಹಾಳೆ ಹಾಸಿಕೊಂಡು, ನಾಲಿಗೆ ಕಚ್ಚಿ, ತಾನೇ ಇನ್ನೊಂದು ಮ ಎಳೆದಳು. ಹಾಳೆ ಎತ್ತಿ ಮಾಸ್ತರರಿಗೆ ತೋರಿಸಿದಳು.

"ಸರಿ ಐತೇನ್ರಿ ಸರ?"

ಮಾಸ್ತರರು ಸಾವಕಾರನ ಮುಖ ನೋಡಿದರು.